ನೀರು ಬಿದ್ದಾಗ ಜೀವ ಇತ್ತೇ?

ಐವತ್ತೆಂಟನೆಯ ಇಸವಿಯ ಜನವರಿ. ಕೊಡಿಯಾಲ್‌ಬೈಲಿನ ಸೈಮನ್ ಮಾಸ್ತರರ ಹೆಂಡತಿ ಜೆಸ್ಸಿಯ ಹೆರಿಗೆಗೆ ಹೋಗಿದ್ದೆ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಕೈ ನನ್ನದು. ಅವರು ರೋಮನ್ ಕಥೋಲಿಕರು, ನಮ್ಮದು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಸಭೆ. ಹೆರಿಗೆ ನೋವು ಯಾವ ಸಭೆ ಎಂದು ಕೇಳುವುದಿಲ್ಲ.

ಮಗು ಏಳು ತಿಂಗಳಿಗೇ ಬಂತು. ಗಂಡು. ಅಳಲಿಲ್ಲ. ಸೈಮನ್ ಫಾದರನ್ನು ಕರೆತರಲು ಸೈಕಲ್ ಹತ್ತಿ ಓಡಿದರು. ಅತ್ತೆ ಆಗ್ನೆಸ್‌ಬಾಯಿ ಚಾವಡಿಯಲ್ಲಿ ಜಪಸರ ಹಿಡಿದು ಕುಳಿತರು.

"ಸುಗುಣಾ ಬಾಯೀ, ನೀವೇ ಜ್ಞಾನಸ್ನಾನದ ನೀರು ಹಾಕಿ," ಎಂದು ಜೆಸ್ಸಿ ನನ್ನ ಸೆರಗು ಹಿಡಿದಳು. "ಅರ್ಜೆಂಟಿಗೆ ಯಾರು ಬೇಕಾದ್ರೂ ಹಾಕ್ಬಹುದಂತೆ."

"ಮೊದಲು ಉಸಿರು, ಮತ್ತೆ ನೀರು," ಎಂದು ನಾನು ಮಗುವಿನ ಬಾಯಿಗೆ ಬಾಯಿಟ್ಟು ಊದುತ್ತಲೇ ಇದ್ದೆ. ಅದು ಅರ್ಧ ನಿಜ. ಉಳಿದ ಅರ್ಧ, ನಮ್ಮಲ್ಲಿ ದೀಕ್ಷಾಸ್ನಾನ ಎನ್ನುವ ಅದನ್ನು ಕೊಡುವುದು ಪಾದ್ರಿ ಅಯ್ಯನವರ ಕೆಲಸ. ಮೇಲಾಗಿ ಮನುಷ್ಯನನ್ನು ರಕ್ಷಿಸುವುದು ದೇವರ ಕೃಪೆ, ನೀರಲ್ಲ ಎಂದು ಕಲಿತವಳು ನಾನು.

ಆದರೆ ಜೆಸ್ಸಿ ಯಾಕೆ ಬೇಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅವಳ ಮೊದಲ ಮಗು ಜ್ಞಾನಸ್ನಾನವಾಗದೆ ಸತ್ತಿತ್ತು. ಅಂಥ ಮಗುವಿಗೆ ಇಗರ್ಜಿಯ ಸ್ಮಶಾನದ ಆಶೀರ್ವದಿಸಿದ ಮಣ್ಣಿನಲ್ಲಿ ಜಾಗವಿಲ್ಲ. ಗೋಡೆಯ ಹೊರಗೆ ಗೇರುಮರದ ಬುಡದಲ್ಲಿ ಹೂತಿದ್ದರು. ಸತ್ತವರ ಹಬ್ಬದ ದಿನ ಊರವರೆಲ್ಲ ಒಳಗೆ ಮೇಣದಬತ್ತಿ ಹಚ್ಚುವಾಗ ಜೆಸ್ಸಿ ಒಬ್ಬಳೇ ಹೊರಗೆ ಹಚ್ಚುತ್ತಿದ್ದಳು.

ನನ್ನ ಬೆರಳ ಕೆಳಗೆ ಮಗುವಿನ ಎದೆ ನಿಂತಿತು. ತಾಯಿಗೆ ಹೇಗೆ ಹೇಳಲಿ ಎಂದು ತಲೆ ಎತ್ತುವಷ್ಟರಲ್ಲಿ ಇಗರ್ಜಿಯ ಹನ್ನೆರಡರ ಗಂಟೆ ಹೊಡೆಯಿತು. ಬಾಣಂತಿಯನ್ನು ಮೀಯಿಸಲು ಬಂದಿದ್ದ ದೇಯಿ ಚೊಂಬಿನೊಂದಿಗೆ ಮುಂದೆ ಬಂದು, ಮಗುವಿನ ತಲೆ ಹಿಡಿದು, ಮೂರು ಸಲ ನೀರು ಹೊಯ್ದು, ಕೊಂಕಣಿಯ ಮಂತ್ರ ಒಂದಕ್ಷರ ತಪ್ಪದೆ ಹೇಳಿದಳು. ಮನೆಯ ಹಿಂದೆ ಭೂತಕ್ಕೆ ಕೋಳಿ ಕೊಡುವ ದೇಯಿ! ಮಗು ಹೋಯಿತೆಂದು ನಾನು ಜೆಸ್ಸಿಗೆ ಹೇಳಿದ್ದು ಆಮೇಲೆ.

ಸ್ವಲ್ಪ ಹೊತ್ತಿಗೆ ಫಾದರ್ ಬಂದರು. ಆಗ್ನೆಸ್‌ಬಾಯಿ ಅಳುತ್ತಲೇ ಸಿಡಿದರು. "ನೋಡಿ ಫಾದರ್, ಇವಳ ಕೈಯ ನೀರು! ಅದು ನಡೀತದಾ?"

ಫಾದರ್ ದೇಯಿಯತ್ತ ತಿರುಗಿದರು. "ಮಾತು ಎಲ್ಲಿ ಕಲಿತದ್ದು?"

"ನಿಮ್ಮ ಹಿಂದೆ ಇದ್ದ ಪಾದ್ರಿಗಳು ಕಲಿಸಿದ್ದು. ಬಾಣಂತಿ ಮನೆಗೆ ಹೋಗುವವಳು, ಗೊತ್ತಿರ್ಲಿ ಅಂತ."

"ಮನಸ್ಸಲ್ಲಿ ಎಂತ ಎಣಿಸಿ ಹಾಕಿದ್ದು?"

"ಎಣಿಸುವುದು ಎಂತ? ನಿಮ್ಮ ಇಗರ್ಜಿಯಲ್ಲಿ ಮಾಡುವುದನ್ನೇ ಮಾಡಿದೆ."

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಡೀತದೆ ಬಾಯೀ. ಹಿಂದೂಗಳು ಹಾಕಿದ್ರೂ ನಡೀತದೆ."

 ನಾನು ಕೇಳಿದೆ, "ಹಾಗಾದ್ರೆ ನಾನು ಹಾಕಿದ್ರೂ?"

"ನೀವು ಹಾಕಿದ್ರೂ ನಡೀತಿತ್ತು, ಸುಗುಣಾ ಬಾಯಿ. ನಿಮ್ಮ ಅಯ್ಯನವರು ಎಂತ ಹೇಳ್ತಿದ್ರೋ ಗೊತ್ತಿಲ್ಲ." ಆಮೇಲೆ ಅವರ ಧ್ವನಿ ತಗ್ಗಿತು. "ಆದ್ರೆ ಸತ್ತವರಿಗೆ ಜ್ಞಾನಸ್ನಾನ ಇಲ್ಲ. ನಿಮಗೆ ಮಾತ್ರ ಗೊತ್ತಿರುವ ವಿಷಯ. ನೀರು ಬಿದ್ದಾಗ ಜೀವ ಇತ್ತಾ?"

ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಜೆಸ್ಸಿ ತಿರುಗಿ ನನ್ನನ್ನು ನೋಡಿದಳು.

ನನ್ನ ನಂಬಿಕೆಯ ಪ್ರಕಾರ ಆ ಮಗು ಆಗಲೇ ದೇವರ ಮಡಿಲಿನಲ್ಲಿತ್ತು. ಅದಕ್ಕೆ ನೀರೂ ಬೇಡ, ಫಾದರರ ಒಪ್ಪಿಗೆಯೂ ಬೇಡ. ನಾನು ಸುಳ್ಳು ಹೇಳಿದರೆ ಮಗುವಿಗೆ ಬರುವುದೇನಿಲ್ಲ, ಪಾಪ ಮಾತ್ರ ನನಗೆ. ಸತ್ಯ ಹೇಳಿದರೆ ಗೇರುಮರದ ಬುಡದಲ್ಲಿ ಎರಡನೆಯ ಗುಂಡಿ.

"ಇತ್ತು, ಫಾದರ್."

"ಮಗು ಹೋದ ಟೈಮ್ ಬರೆದಿದ್ದೀರಾ?"

"ಇಲ್ಲ, ಈಗ ಬರೀತೇನೆ." ಹೆರಿಗೆ ಪುಸ್ತಕ ಬಿಚ್ಚಿ ಅವರ ಎದುರೇ ಹನ್ನೆರಡು ಗಂಟೆ ಐದು ನಿಮಿಷ ಎಂದು ಬರೆದೆ. ಆ ಪುಸ್ತಕದಲ್ಲಿ ಅಷ್ಟು ವರ್ಷ ಒಂದು ನಿಮಿಷವನ್ನೂ ನಾನು ಆಚೀಚೆ ಮಾಡಿದವಳಲ್ಲ. ಕೈ ಮಾತ್ರ ನಡುಗಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ.

ಸಂಜೆ ಮಗುವನ್ನು ಗೋಡೆಯ ಒಳಗೆ ಮಣ್ಣು ಮಾಡಿದರು. ದೇಯಿಯೂ ನಾನೂ ಒಳಗೆ ಹೋಗದೆ ರಸ್ತೆಯ ಬದಿಯಲ್ಲೇ ನಿಂತಿದ್ದೆವು.

"ಬಾಯೀ," ಎಂದಳು ದೇಯಿ ಮೆಲ್ಲಗೆ, "ನಾನು ತಲೆ ಹಿಡಿದಾಗಲೇ ಮಗು ಹೋಗಿ ಆಗಿತ್ತಲ್ಲ?"

ನಾನು ಅವಳತ್ತ ತಿರುಗಿದೆ. "ಗೊತ್ತಿದ್ದೂ ನೀರು ಹಾಕಿದೆಯಾ, ಮಾರಾಯ್ತಿ?"

"ಮತ್ತೆ? ಹೆತ್ತವಳು ನೋಡ್ತಾ ಇದ್ಳಲ್ಲ," ಎಂದು ದೇಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ, ಬಾಣಂತಿಗೆ ಬಿಸಿನೀರು ಕಾಸ್ಬೇಕು."