ಜಗಲಿಯ ನಿದ್ದೆ

"ಮೊದಲು ನೀನು ಹಾಕ್ಕೋ," ಎಂದಳು ಸುನ್ನಿವಾ.

ತೋರ್ದಿಸಜ್ಜಿ ಮಾಸ್ಕನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ನಡುವೆ ನಿಂತಿದ್ದಳು. ಮೂಗಿನ ಮೇಲೆ ಕೂರುವ ಮೆತ್ತನೆಯ ಬಟ್ಟಲು, ತಲೆಗೆ ಬಿಗಿಯುವ ಪಟ್ಟಿಗಳು, ಸುಕ್ಕುಸುಕ್ಕಾದ ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಯಂತ್ರ. ಅವಳು ಮೀನು ಸೀಳಿದವಳು, ಒಬ್ಬಳೇ ದೋಣಿ ನಡೆಸಿದವಳು, ಮೂವರು ಮಕ್ಕಳನ್ನು ಬೆಳೆಸಿದವಳು. ಈ ಪಟ್ಟಿಗಳು ಮಾತ್ರ ಅವಳ ಕೈಗೆ ಬಗ್ಗುತ್ತಿರಲಿಲ್ಲ.

"ನನಗ್ಯಾತಕ್ಕೇ? ನಾನು ಗೊರಕೆ ಹೊಡೆದರೆ ಪಕ್ಕದ ಮನೆ ನಾಯಿ ಬೊಗಳುತ್ತೆ. ಅಷ್ಟು ಉಸಿರಿದೆ ನನಗೆ."

"ಹಂಗಾದ್ರೆ ನನಗೂ ಬೇಡ." ಸುನ್ನಿವಾ ಗಾಲಿಕುರ್ಚಿಯ ಗುಂಡಿ ಒತ್ತಿ ಗರ್ರನೆ ತಿರುಗಿ, ಗೋಡೆಗೆ ಮುಖ ಮಾಡಿ ಕೂತಳು. ಏಳು ವರ್ಷದ ಈ ಹುಡುಗಿಯ ಸ್ನಾಯುಗಳಿಗೆ ಹುಟ್ಟಿನಿಂದಲೇ ಕಸುವಿಲ್ಲ. ಹಟಕ್ಕೆ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಹೋದ ಚಳಿಗಾಲವೆಲ್ಲ ಅವಳು ಬೆಳಿಗ್ಗೆ ಏಳುತ್ತಲೇ ತಲೆನೋವು ಅನ್ನುತ್ತಿದ್ದಳು. ತಿಂಡಿ ಮುಟ್ಟುತ್ತಿರಲಿಲ್ಲ, ಶಾಲೆಯಲ್ಲಿ ತೂಕಡಿಸುತ್ತಿದ್ದಳು. ಇದಕ್ಕೆ ಮದ್ದು ಏನೆಂದು ಅಜ್ಜಿಗೆ ಗೊತ್ತಿತ್ತು. ನಮ್ಮ ಫ್ಲೋರೋದಲ್ಲಿ, ಯಾಕೆ, ಇಡೀ ನಾರ್ವೆಯಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ಅದು: ಹೊರಗಿನ ಗಾಳಿ. ಹಿಮ ಬೀಳುತ್ತಿದ್ದರೂ ಕೂಸುಗಳನ್ನು ತಳ್ಳುಗಾಡಿಯಲ್ಲಿ ಹೊರಗೆ ಮಲಗಿಸುವ ಜನ ನಾವು. ತೋರ್ದಿಸಜ್ಜಿಯ ಮೂರೂ ಮಕ್ಕಳು ಅದೇ ಜಗಲಿಯಲ್ಲಿ ಮಲಗಿ ಬೆಳೆದವರು. ಹಾಗಾಗಿ ಶನಿವಾರ ಮೊಮ್ಮಗಳು ಬಂದಾಗಲೆಲ್ಲ, ಅವಳನ್ನು ಕುರಿಯುಣ್ಣೆಯ ಚೀಲದೊಳಗೆ ಇಳಿಸಿ, ಮೂಗು ಮಾತ್ರ ಕಾಣುವಂತೆ ಹೊದಿಸಿ ಜಗಲಿಯಲ್ಲಿ ಮಲಗಿಸುತ್ತಿದ್ದಳು. ಹುಡುಗಿ ಗಂಟೆಗಟ್ಟಲೆ ನಿದ್ದೆ ಹೋಗುತ್ತಿದ್ದಳು. "ನೋಡೋ, ನಿಮ್ಮ ಮನೇಲಿ ಎಲ್ಲಿ ಬರುತ್ತೆ ಇಂಥ ನಿದ್ದೆ?" ಎಂದು ಮಗ ಐವಿನ್ ಎದುರು ಬೀಗುತ್ತಿದ್ದಳು.

ಆ ನಿದ್ದೆ ಗಾಳಿ ಕೊಟ್ಟದ್ದಾಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಬೆರ್ಗೆನ್ನಿನ ಆಸ್ಪತ್ರೆಯವರು ಹುಡುಗಿಯನ್ನು ಒಂದು ರಾತ್ರಿ ಇರಿಸಿಕೊಂಡು ಉಸಿರು ಅಳೆದು ನೋಡಿದರು. ನಿದ್ದೆಯಲ್ಲಿ ಎದೆಯ ಸ್ನಾಯುಗಳು ಸೋಲುತ್ತವೆ, ಉಸಿರು ಮೇಲುಮೇಲಕ್ಕೇ ಆಡುತ್ತದೆ, ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ಮೈಯಲ್ಲೇ ಉಳಿಯುತ್ತದೆ. ತಲೆನೋವು, ಮಂಪರು ಎಲ್ಲ ಅದರಿಂದಲೇ ಎಂದರು. "ಕಿಟಕಿ ಎಷ್ಟು ತೆರೆದಿಟ್ಟರೇನು, ಎಳ್ಕೊಳ್ಳೋಕೆ ಮಗೂಗೆ ಶಕ್ತಿ ಬೇಕಲ್ಲ?" ಎಂದಿದ್ದರು ಡಾಕ್ಟರಮ್ಮ, ಯಾರನ್ನೂ ದೂರದೆ, ಮೆಲ್ಲಗೆ. ಜೊತೆಗೆ ಹೋಗಿದ್ದ ತೋರ್ದಿಸಜ್ಜಿಗೆ ಅಷ್ಟೇ ಸಾಕಾಯಿತು. ಮನೆಗೆ ಬಂದವಳೇ ಕುರಿಯುಣ್ಣೆಯ ಚೀಲವನ್ನು ಅಟ್ಟಕ್ಕೆ ಹಾಕಿದಳು, ಜಗಲಿಯ ಬಾಗಿಲಿಗೆ ಅಗುಳಿ ಜಡಿದಳು, ಕಿಟಕಿಗಳನ್ನೆಲ್ಲ ಮುಚ್ಚಿದಳು. ಅಂದಿನಿಂದ ಆ ಮನೆಯಲ್ಲಿ ನಿನ್ನೆ ಬೇಯಿಸಿದ ಮೀನಿನ ವಾಸನೆ ಇವತ್ತೂ ಇರುತ್ತಿತ್ತು.

ಇನ್ನು ನಿದ್ದೆ ಮಾಡುವಾಗಲೆಲ್ಲ ಈ ಯಂತ್ರ ಬೇಕು. ಆದರೆ ಮಾಸ್ಕ್ ಹಾಕುತ್ತಲೇ ಸುನ್ನಿವಾ ತಲೆ ಒದರಿ ಒದರಿ ಅಳುತ್ತಿದ್ದಳು, ಅಪ್ಪ ಅಮ್ಮ ತಡೆಯಲಾರದೆ ತೆಗೆದುಬಿಡುತ್ತಿದ್ದರು. ಹೀಗೇ ಬಿಟ್ಟರೆ ಒಂದು ಜೋರು ನೆಗಡಿ ಸಾಕು, ಗಂಟಲಿಗೆ ಕೊಳವೆ ಇಳಿಸಬೇಕಾದೀತು ಎಂದು ಬೆರ್ಗೆನ್ನಿನವರು ಎಚ್ಚರಿಸಿದ್ದರು. ಮೊದಲು ಹಗಲಿನ ನಿದ್ದೆಯಲ್ಲಿ ರೂಢಿಯಾಗಲಿ ಎಂದೂ ಹೇಳಿದ್ದರು. ಇವತ್ತು ಐವಿನ್ ಕೆಲಸಕ್ಕೆ ಹೋಗುವ ಮುಂಚೆ ಮಗಳನ್ನೂ ಯಂತ್ರವನ್ನೂ ತಾಯಿಯ ಮನೆಯಲ್ಲಿ ಇಳಿಸಿ, "ಅಮ್ಮಾ, ನಮ್ಮ ಕೈಲಿ ಆಗ್ತಿಲ್ಲ. ನಿನ್ನ ಮಾತಾದ್ರೂ ಕೇಳ್ತಾಳೇನೋ ನೋಡು," ಎಂದಿದ್ದ. ಬಾಗಿಲಲ್ಲಿ ನಿಂತು ಬೂಟಿನ ದಾರ ಕಟ್ಟುವ ನೆಪದಲ್ಲಿ ಕಣ್ಣೊರೆಸಿಕೊಂಡಿದ್ದನ್ನು ತಾಯಿ ನೋಡಿದ್ದಳು.

"ಸರಿ ಕಣೇ ಹಟಮಾರಿ. ತಿರುಗು ಈ ಕಡೆ."

ಗಾಲಿಕುರ್ಚಿ ತಕ್ಷಣ ತಿರುಗಿತು. ಅಜ್ಜಿ ಮಾಸ್ಕನ್ನು ಮೂಗಿಗೆ ಒತ್ತಿಕೊಂಡು ಗುಂಡಿ ಅದುಮಿದಳು. ಗಾಳಿ ನುಗ್ಗಿತು. "ಅಯ್ಯೋ" ಎನ್ನಲು ಬಾಯಿ ತೆರೆದದ್ದೇ ತಡ, ಮೂಗಿಗೆ ಹೋದದ್ದೆಲ್ಲ ಬಾಯಿಂದ ಭುಸ್ಸೆಂದು ಹೊರಬಿದ್ದು ಕೆನ್ನೆಗಳು ಪಟಪಟ ಹೊಡೆದುಕೊಂಡವು.

"ಸೀಲ್! ನಮ್ಮಜ್ಜಿ ಕಡಲಲ್ಲಿ ಭುಸ್ಸನ್ನೋ ಸೀಲ್ ಆಗೋದ್ಲು!" ಸುನ್ನಿವಾ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಸದ್ದೇ ಇಲ್ಲದ, ಎಲ್ಲೋ ಕೆಳಗೆ ಸಿಕ್ಕಿಕೊಂಡ ಕೆಮ್ಮು. ಅಜ್ಜಿ ಮಾಸ್ಕ್ ಬಿಸಾಡಿ ಬಂದು ಅವಳ ಪಕ್ಕೆಲುಬಿನ ಕೆಳಗೆ ಎರಡೂ ಅಂಗೈ ಇಟ್ಟಳು. "ಹೂಂ, ಈಗ," ಎಂದು ಕೆಮ್ಮಿನ ಜೊತೆಜೊತೆಗೇ ಒತ್ತಿದಳು. ಎರಡನೆಯ ಸಲಕ್ಕೆ ಕಫ ಸಡಿಲಾಯಿತು. ಹುಡುಗಿ ತಲೆಯನ್ನು ಅಜ್ಜಿಯ ಭುಜಕ್ಕೆ ಆನಿಸಿ ಸುಧಾರಿಸಿಕೊಂಡಳು.

"ಅಜ್ಜೀ, ಜಗಲಿ ಬಾಗಿಲು ಯಾಕೆ ಹಾಕ್ಬಿಟ್ಟೆ? ನಾನೇನಾದ್ರೂ ತಪ್ಪು ಮಾಡಿದ್ನಾ?"

ತೋರ್ದಿಸಜ್ಜಿ ಅವಳ ಕೂದಲು ನೇವರಿಸಿದಳು. "ನೀನ್ಯಾಕೆ ತಪ್ಪು ಮಾಡ್ತೀಯೇ ನನ್ನ ಬಂಗಾರಿ? ತಪ್ಪು ನಂದು. ನೀನು ಅಲ್ಲಿ ಮಂಪರಲ್ಲಿ ಬಿದ್ದಿರ್ತಿದ್ದೆ, ನಾನು ಒಳ್ಳೆ ನಿದ್ದೆ ಅಂತ ಕುಣೀತಿದ್ದೆ. ಆ ಬಾಗಿಲು ನೋಡಿದ್ರೇ ನನಗೆ ಆಗಲ್ಲ."

"ಆದ್ರೆ ನನಗೆ ಅಲ್ಲಿ ಇಷ್ಟ," ಎಂದಳು ಸುನ್ನಿವಾ. "ಕಡಲಕ್ಕಿ ಕಿರುಚೋದು ಕೇಳುತ್ತೆ. ಇದನ್ನ ಅಲ್ಲಿಗೆ ತಗೊಂಡು ಹೋದ್ರೆ ಹಾಕ್ಕೋತೀನಿ. ಒಳಗಾದ್ರೆ ಇಲ್ಲ."

ತೋರ್ದಿಸಜ್ಜಿ ಕಿಟಕಿಯಾಚೆಯ ಉಷ್ಣಮಾಪಕವನ್ನು ನೋಡಿದಳು. ತೀರಾ ತಣ್ಣಗಿದ್ದರೆ ಯಂತ್ರಕ್ಕೆ ಆಗದು, ಐದು ಡಿಗ್ರಿಗಿಂತ ಕೆಳಗೆ ಬೇಡ ಎಂದು ಐವಿನ್ ಹೇಳಿದ್ದ. ಮೇ ತಿಂಗಳು, ಹೊರಗೆ ಹನ್ನೆರಡಿತ್ತು. ಅವಳು ಇನ್ನೊಂದು ಸಲ ನೋಡಿದಳು, ಅದು ಬದಲಾಗಲೆಂದು ಕಾಯುವವಳಂತೆ. ಆಮೇಲೆ ನಿಟ್ಟುಸಿರು ಬಿಟ್ಟು ಅಟ್ಟದ ಏಣಿ ಹತ್ತಿದಳು.

ಅಗುಳಿ ಬಿಗಿದುಕೊಂಡಿತ್ತು, ಸುತ್ತಿಗೆಯಿಂದ ಬಡಿದು ಬಿಡಿಸಬೇಕಾಯಿತು. ಜಗಲಿಯಲ್ಲಿ ಪ್ಲಗ್ ಇರಲಿಲ್ಲ. ಅಡುಗೆಮನೆಯ ಕಿಟಕಿಯನ್ನು ಒಂದು ಗೇಣು ತೆರೆದು ಅಲ್ಲಿಂದ ವೈರ್ ಎಳೆದಳು, ಗಾಳಿಗೆ ಕಿಟಕಿ ಬಡಿದುಕೊಳ್ಳದಂತೆ ತನ್ನ ಉಣ್ಣೆಯ ಕೈಗವಸೊಂದನ್ನು ಮಡಚಿ ಸಂದಿಗೆ ತುರುಕಿದಳು.

ಸುನ್ನಿವಾಳನ್ನು ಚೀಲದೊಳಗೆ ಇಳಿಸಿ ಜಗಲಿಯಲ್ಲಿ ಮಲಗಿಸಿ ಮಾಸ್ಕ್ ಕೂರಿಸಿದಾಗ ಅವಳ ಕಣ್ಣು ದೊಡ್ಡದಾಯಿತು. "ನಾನು ಬೇಡ ಅಂದಾಗ್ಲೂ ಊದುತ್ತೆ," ಎಂದಳು.

"ನೀನು ಅದರ ಜೊತೆ ಜಗಳ ಆಡ್ತಿದ್ದೀಯ, ಅದಕ್ಕೇ. ನಾವಿಬ್ಬರೂ ದೋಣೀಲಿ ಹೋದಾಗ ನಾನು ಹುಟ್ಟು ಹಾಕ್ತಿದ್ದೆ, ನೀನು ಮೇಲೆ ಕೈ ಇಟ್ಕೊಂಡಿದ್ದೆ, ಜ್ಞಾಪಕ ಇದೆಯಾ? ನೀನು ಒಂದು ಕಡೆ, ನಾನು ಒಂದು ಕಡೆ ಎಳೆದ್ರೆ ದೋಣಿ ಹೋಗ್ತಿತ್ತಾ? ಬಾಯಿ ಮುಚ್ಕೋ. ನೀನು ಶುರು ಮಾಡು, ಅದು ಜೊತೆಗೆ ಬರುತ್ತೆ. ಹಾಂ... ಬಿಡು. ಹಾಂ... ಬಿಡು."

ಅವಳು ಹುಡುಗಿಯ ಕೈಯನ್ನು ತನ್ನ ಕೈ ಮೇಲೆ ಇರಿಸಿಕೊಂಡು, ಹುಟ್ಟು ಎಳೆಯುವಂತೆ ಹಿಂದಕ್ಕೆ ಮುಂದಕ್ಕೆ ಆಡಿಸಿದಳು. ಒಂದೆರಡು ಸಲ ತಾಳ ತಪ್ಪಿತು. ಸುನ್ನಿವಾ ತಲೆ ಒದರಲು ಹೋದಳು, ಕಡಲಕ್ಕಿಯೊಂದು ಕಂಬಿಯ ಮೇಲೆ ಬಂದು ಕೂತಿತು, ಅದನ್ನು ನೋಡುತ್ತ ಒದರುವುದನ್ನು ಮರೆತಳು. ಕುರಿಯುಣ್ಣೆಯ ಚೀಲದ ಕೆಳಗೆ ಆ ಪುಟ್ಟ ಎದೆ ತುಂಬಿ ಏಳುವುದನ್ನು ತೋರ್ದಿಸಜ್ಜಿ ಮೊದಲ ಬಾರಿಗೆ ಕಂಡಳು. ಅದು ಇಷ್ಟು ಮೇಲೇಳಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹುಡುಗಿಯ ಕೈ ಸಡಿಲವಾಯಿತು, ಕಣ್ಣು ಮುಚ್ಚಿತು. ಅಜ್ಜಿ ಕದಲಲಿಲ್ಲ. ಈ ಸಲ ಬೀಗಲಿಲ್ಲ, ಒಂದೊಂದು ಉಸಿರನ್ನೂ ನೋಡುತ್ತ ಕೂತಳು.

ಹುಡುಗಿಗೆ ಎಚ್ಚರವಾದಾಗ ಬಿಸಿಲು ಮನೆಯ ಹಿಂದಕ್ಕೆ ಸರಿದಿತ್ತು. ಮಾಸ್ಕ್ ಬಿಚ್ಚಿದ ಅಜ್ಜಿ ಅಳುಕುತ್ತಲೇ ಕೇಳಿದಳು. "ತಲೆ ನೋಯ್ತಿದೆಯಾ?"

ಸುನ್ನಿವಾ ಹುಬ್ಬು ಗಂಟಿಕ್ಕಿ ಯೋಚಿಸಿದಳು, ಒಳಗೆಲ್ಲ ಹುಡುಕಿ ಬಂದವಳ ಹಾಗೆ.

"ಇಲ್ಲ," ಎಂದಳು. "ಹಸಿವಾಗ್ತಿದೆ. ವಾಫಲ್ ಮಾಡು. ಕಂದು ಚೀಸ್ ದಪ್ಪಗೆ ಇಡು, ಜಿಪುಣತನ ಮಾಡ್ಬೇಡ."

"ಯಾರೇ ಜಿಪುಣಿ?" ಎನ್ನುತ್ತ ತೋರ್ದಿಸಜ್ಜಿ ಒಳಗೆ ಓಡಿದಳು. ಹಿಟ್ಟು ಕಲಸುತ್ತಿದ್ದರೆ ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಹೊರಗಿಂದ ತಣ್ಣನೆಯ ಗಾಳಿ ಬಂದು ಒಣಹಿಟ್ಟನ್ನು ಮೇಜಿನ ಮೇಲೆಲ್ಲ ಹಾರಿಸಿತು. ಅವಳ ಕೈ ತಾನಾಗಿಯೇ ಕಿಟಕಿ ಮುಚ್ಚಲು ಹೋಯಿತು. ಸಂದಿಯಲ್ಲಿ ಕೈಗವಸು, ಕೈಗವಸಿನ ಮೇಲೆ ವೈರು. ಅವಳು ಕೈಗವಸನ್ನು ಇನ್ನಷ್ಟು ಒಳಕ್ಕೆ ಒತ್ತಿ, ಹಿಟ್ಟಿನ ಕಡೆಗೆ ತಿರುಗಿದಳು.