ನಬಿಸಾಬನ ಸಾ

ಕಲಬುರಗಿ ಬಸ್ಸಿನ ಧೂಳು ಕೊಡವಿಕೊಂಡು ತುಕಾರಾಮ ಹೊಸ್ತಿಲ ಹೊರಗೆ ನಿಂತಾಗ ಇಕ್ಬಾಲ್ ಬೇಗಂ ಕೂತಲ್ಲೇ ಕೂತಿದ್ದಳು. ಬಾ ಎನ್ನುವುದೂ ಈಗೀಗ ಅವಳಿಗೊಂದು ಕೆಲಸ. ಅವಳ ತಮ್ಮನ ಹಳೆಯ ಶಿಷ್ಯ, ತಾನೇ ಒಳಗೆ ಬಂದು ಕೂತ. ಪೊಲೀಸ್ ಆ್ಯಕ್ಷನ್ ಎಂದು ಹೆಸರಿಟ್ಟುಕೊಂಡು ನಿಜಾಮನ ಸೀಮೆಗೆ ಮಿಲಿಟರಿ ಬಂದು ಹೋಗಿ ಎರಡು ವರ್ಷ. ಆ ವಾರ ಕಲಬುರಗಿಗೆಂದು ಹೊರಟ ತಮ್ಮ ನಬಿಸಾಬ್ ಕಮಲಾಪುರಕ್ಕೆ ತಿರುಗಿ ಬರಲೇ ಇಲ್ಲ. ಜಹಗೀರದಾರರ ದೇವಡಿಯಲ್ಲಿ ಅವನು ಹಾಡುತ್ತಿದ್ದ. ಇವಳು ಹಿಂದೆ ಕೂತು, ಮಡಿಲಲ್ಲಿ ಮೂವತ್ತಾರು ತಂತಿಯ ಸ್ವರಮಂಡಲ ಇಟ್ಟುಕೊಂಡು ಮೀಟುತ್ತಿದ್ದಳು. ಈಗ ಅದು ಟ್ರಂಕಿನ ಮೇಲೆ, ಹಸಿರು ಗವಸಿನೊಳಗೆ.

"ಆಪಾ, ಒಂದು ಬರದೀನ್ರಿ."

"ಏನು, ಅರ್ಜಿ?"

"ಸಂಗೀತರೀ. ಬರೇ ಸ್ವರಮಂಡಲಕ್ಕ. ಹಾಡೋರಿಲ್ಲ, ತಬಲಾ ಇಲ್ಲ. ಸ್ಟೇಶನ್ ಬಜಾರದಾಗ ನನ್ನ ಖೋಲಿ ಮುಂದ ಕೇಳೋದೆಲ್ಲಾ ಅದರಾಗ ಅದ." ಎಂಜಿನ್ನಿನ ನಿಟ್ಟುಸಿರು, ಹಮಾಲರ ಜಗಳ, ಟಾಂಗಾ ಕುದುರೆಯ ಕೆಮ್ಮು, ಒಂದೊಂದನ್ನೂ ಗಂಟಲಲ್ಲೇ ತೆಗೆದು ತೋರಿಸಿದ. "ಶನಿವಾರ ಶಾಲಿಯೊಳಗ ಜಲಸಾ. ನೀವೇ ನುಡಸಬೇಕು."

"ಹಾಡೋರಿಲ್ಲದ ಸ್ವರಮಂಡಲ, ಮದಿಮಗ ಇಲ್ಲದ ಮೆರವಣಗಿ. 'ಸಾ' ಅಂತ ಶುರು ಮಾಡಿದಾಕಿ ನಾನು, ಈಗ 'ಸಾಕು' ಅನ್ನಾಕತ್ತೀನಿ, ಬೇಟಾ."

"ತಂತಿ ಅಷ್ಟು ಹೊಸದಾಗಿ ಶ್ರುತಿ ಮಾಡಿಕೊಂಡ್ರ..."

"ಅದಕ್ಕ ಕೈ ಹಚ್ಚಬ್ಯಾಡ." ದನಿ ಒಮ್ಮೆಲೇ ಗಟ್ಟಿಯಾಯಿತು. "ಕಡೀಗೆ ಹಾಡಿದ ದಿನ ನಬಿ ಹಚ್ಚಿದ ಸಾ ಅದರಾಗ ಅದ. ಅವಂದು ಉಳದದ್ದು ಅಷ್ಟೇ. ವಾರಕ್ಕೊಮ್ಮೆ, ಜುಮ್ಮೇರಾತಿಗೆ, ಊದಿನ ಹೊಗಿ ತೋರಸ್ತೀನಿ. ಗವಸು ತಗದಿಲ್ಲ."

ತುಕಾರಾಮ ಕಾಗದ ಮಡಚಿದ. ಎದ್ದು ಚಪ್ಪಲಿ ಹುಡುಕುತ್ತಿದ್ದಾಗ ಅವಳೇ ಅಂದಳು:

"ಎಲ್ಲಾರ ನಕಲು ಮಾಡ್ತಿ. ನಬಿ ಶಿಷ್ಯ ಆಗಿದ್ದಾಗ ಅವಂದೂ ಮಾಡ್ತಿದ್ದಿ, ಅವನ ಬೆನ್ನಹಿಂದ."

"ಬೈಸಿಕೊಂಡೀನ್ರಿ ಅದಕ್ಕ."

"ಮಾಡು."

ಅವನು ಭುಜ ಅಗಲಿಸಿ ಕೂತ. ಇಲ್ಲದ ಎಲೆಯಡಿಕೆಯನ್ನು ಎಡದವಡೆಗೆ ಸರಿಸಿದ. ಎರಡು ಸಲ ಕೆಮ್ಮಿ, ಕೂತವರ ಅಪ್ಪಣೆ ಬೇಡುವಂತೆ ಕಣ್ಣುಮುಚ್ಚಿ, ಸಾ ಹಚ್ಚಿದ. ನಾಲ್ಕು ವರ್ಷ ದಿನಾ ಕೇಳಿದ ಸಾ. ಕೂದಲೆಳೆಯಷ್ಟೂ ಅತ್ತಿತ್ತ ಇರಲಿಲ್ಲ. ಇಕ್ಬಾಲ್ ಬೇಗಂಳ ಕೈ ತಾನಾಗಿಯೇ ಗವಸು ಎಳೆದು, ಮೊದಲ ತಂತಿ ಮೀಟಿತು.

ತಂತಿ ಎಲ್ಲೋ ಕೆಳಗೆ, ನಿದ್ದೆಗಣ್ಣಿನಲ್ಲಿ ಗೊಣಗಿತು. ಎರಡನೆಯದು ಮೊದಲನೆಯದರ ಮಾತನ್ನೂ ಕೇಳಲಿಲ್ಲ. ಉಗುರನ್ನು ಮೂವತ್ತಾರರ ಮೇಲೂ ಎಳೆದಳು: ಸಂತೆ. ಎರಡು ಬೇಸಿಗೆ, ಎರಡು ಮಳೆಗಾಲ ಸದ್ದಿಲ್ಲದೆ ತಮ್ಮ ಕೆಲಸ ಮಾಡಿದ್ದವು.

ತುಕಾರಾಮ ನಿಲ್ಲಿಸಿದ.

"ಯಾವಾಗ ಹೋಯ್ತೋ," ಎಂದಳು. "ಖಾಲಿ ಪೆಟಗಿ ಕಾಯ್ಕೋತ ಕೂತಿದ್ದೆ."

"ಉಸ್ತಾದರ 'ಸಾ'ಕ್ಕೇ ತಂತಿ ಮತ್ತ ಹಚ್ಚೋಣ್ರಿ. ನಾ ಹಿಡದಿರ್ತೀನಿ. ನಂದು ಆಮ್ಯಾಲ..."

ಅವಳು ಹಸಿರು ಗವಸನ್ನು ಮಡಚಿ ಪಕ್ಕಕ್ಕಿಟ್ಟಳು.

"ಅವಂದು ನಿನ್ನ ಗಂಟಲದಾಗ ಅದ. ಅಲ್ಲೇ ಇರಲಿ. ಆ ಡಬ್ಬ್ಯಾಗ ಚಾವಿ ಅದ, ಕೊಡು. ಕಾಗದ ತಗಿ. ನಿನ್ನ ಸಂಗೀತಕ್ಕ ಮೊದಲನೇ ತಂತಿ ಯಾವ ಸ್ವರ?"

ಅವನು ಓದಿದ. ಮೊಳೆಗೆ ಚಾವಿ ಕೊಟ್ಟು ತಿರುಗಿಸಿದಳು, ಮಣಿಕಟ್ಟು ನೋಯಿತು. ತಂತಿ ಏರಿ ನಿಂತಿತು. ಉಳಿದದ್ದು ಮೂವತ್ತೈದು.

"ಚಹಾ ಮಾಡು, ಹೋಗು," ಎಂದಳು ತಲೆಯೆತ್ತದೆ. "ನಕಲಲ್ಲ. ಖರೇ ಚಹಾ."