ಬೀರಯ್ಯಣ್ಣನ ಬಾಯಿಗೆ ಎಲೆ ಅಡಿಕೆ

ನಮ್ಮ ಯಜಮಾನರ ಹಾಡು ಅಷ್ಟೇನೂ ಚೆನ್ನಾಗಿ ಬರದಿರಲಪ್ಪ ಎಂದು ನಾನು ದೇವರಿಗೆ ಕೈಮುಗಿದದ್ದು, ಮದುವೆಯಾದ ಮೂವತ್ತು ವರ್ಷದಲ್ಲಿ ಅದೇ ಮೊದಲು. ಕೆಟ್ಟ ಹೆಂಗಸು ಅಂದುಕೊಳ್ಳಬೇಡಿ. ಚೆನ್ನಾಗಿ ಹಾಡಿದರೆ ಜನ ‘ವನ್ಸ್ ಮೋರ್’ ಅಂತ ಕೂಗುತ್ತಾರೆ. ಕೂಗಿದರೆ ಇವರು ಮತ್ತೆ ಹಾಡುತ್ತಾರೆ. ಮತ್ತೆ ಹಾಡಿದರೆ ಗಂಟಲು ಹೋಗುತ್ತದೆ. ನನ್ನ ಭಯ ಇಷ್ಟೇ.

ಇವರು ಅಂದರೆ ನಿಂಗರಾಜು. ಚುಂಚನಕಟ್ಟೆ ನಾಲೆಯ ಕೆಳಗೆ ನಮ್ಮದು ಎರಡು ಎಕರೆ ಗದ್ದೆ. ಗದ್ದೆ ಇಬ್ಬರದು, ನಾಟಕದ ಹುಚ್ಚು ಮಾತ್ರ ಇವರೊಬ್ಬರದು. ವರ್ಷಕ್ಕೊಂದು ನಾಟಕ ಆಡಲೇಬೇಕು, ಅದರಲ್ಲಿ ದೊರೆ ಪಾರ್ಟು ಇವರದೇ ಆಗಬೇಕು. ನಾಟಿ ತಲೆ ಮೇಲೆ ಕೂತಿದ್ದರೂ ಸಾಯಂಕಾಲ ಪ್ರಾಕ್ಟೀಸಿಗೆ ಹೊರಟುಬಿಡುವರು. ನಾನು ಬೈಯುತ್ತಾ ಹೋಗಿ ನಾಟಕ ನೋಡಿ, ಬೈಯುತ್ತಾ ಮನೆಗೆ ಬರುವವಳು. ಒಂದು ದಿನವೂ ಚಪ್ಪಾಳೆ ತಟ್ಟಿದವಳಲ್ಲ.

ಹೋದ ವರ್ಷ ಇವರ ದನಿ ಒಡೆಯಿತು. ಮೈಸೂರಿನಲ್ಲಿ ತೋರಿಸಿದರೆ ಗಂಟಲೊಳಗೆ ಗಂಟು ಅಂದರು. ಪುಣ್ಯಕ್ಕೆ ಕೆಟ್ಟ ಗಂಟಲ್ಲ, ತೆಗೆದುಹಾಕಿದರು. ಆಮೇಲೆ ಎರಡು ವಾರ ಪಿಸುಮಾತು ಕೂಡ ಆಡುವ ಹಾಗಿರಲಿಲ್ಲ. ಮೊಮ್ಮಗಳು ಚಿನ್ನುವಿನ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ‘ಕಾಫಿ’ ಅಂತ ಬರೆಯುವರು, ‘ನೀರು ಬಿಟ್ಯಾ’ ಅಂತ ಬರೆಯುವರು. ದಿನಕ್ಕೊಂದು ಸಲ ‘ದನಿ ಮತ್ತೆ ಬತ್ತದಾ’ ಅಂತ ಬರೆದು ನನ್ನ ಮುಖ ನೋಡುವರು. “ಬತ್ತದೆ ಬುಡಿ” ಎಂದು ಹೇಳಿ ನಾನು ಅಡಿಗೆಮನೆಗೆ ಹೋಗಿ ಅತ್ತದ್ದೂ ಉಂಟು.

ಆರು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಪರೀಕ್ಷೆ ಮಾಡಿ, “ನಾಟಕದಲ್ಲಿ ಒಂದು ಹಾಡು ಹಾಡಿ. ಆದರೆ ಒಂದೇ ಸಲ. ಜಾಸ್ತಿ ಎಳೆದರೆ ಮತ್ತೆ ನನ್ನ ಹತ್ತಿರವೇ ಬರ್ತೀರ” ಅಂದರು. ಇವರು ಶಾಲೆ ಹುಡುಗನ ಹಾಗೆ ತಲೆಯಾಡಿಸಿದರು. ಆ ತಲೆ ನನಗೆ ಗೊತ್ತಿಲ್ಲವೇ. ಜನ ಕೇಳಿದರು ಅಂತ ಒಂದೇ ಹಾಡನ್ನು ನಾಲ್ಕು ಸಲ ಹಾಡಿದ ತಲೆ ಅದು.

ಈ ಸಲದ ನಾಟಕ ಕೆ.ಆರ್. ನಗರದ ಒಂದು ಸಮುದಾಯ ಭವನದಲ್ಲಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಬೆಳಗಿನ ತನಕ ನಿದ್ದೆಗೆಟ್ಟು ಕೂರುವವರು ಈಗ ಎಲ್ಲಿದ್ದಾರೆ? ಅದಕ್ಕೇ ಹಗಲಿಗೇ ಇಟ್ಟಿದ್ದರು. ನಾನು ಬೇಗ ಹೋಗಿ ಮುಂದಿನ ಸಾಲಿನಲ್ಲಿ ಬೀರಯ್ಯಣ್ಣನ ಪಕ್ಕದ ಕುರ್ಚಿ ಹಿಡಿದೆ.

ಈ ಬೀರಯ್ಯಣ್ಣ, ಅಂದರೆ ಸಣ್ಣಬೀರಯ್ಯ, ನಮ್ಮ ಸೀಮೆಯ ನಾಟಕಗಳಿಗೆಲ್ಲ ಒಂಥರಾ ಜಡ್ಜು. ವಯಸ್ಸು ಎಪ್ಪತ್ತೈದು ದಾಟಿದೆ. ಹಾಡು ಮುಗಿದಾಗ ಮೊದಲ ‘ವನ್ಸ್ ಮೋರ್’ ಅವರ ಬಾಯಿಂದಲೇ ಬರಬೇಕು, ಮಿಕ್ಕವರದೆಲ್ಲ ಆಮೇಲೆ. ಅವರು ಸುಮ್ಮನಿದ್ದರೆ ಹಾಲ್‌ಗೆ ಹಾಲೇ ಸುಮ್ಮನಿರುತ್ತದೆ. ಅವರ ಬಾಯೊಂದನ್ನು ಮುಚ್ಚಿಸಿದರೆ ಇವರ ಗಂಟಲು ಉಳಿಯುತ್ತದೆ ಎಂದು ನಾನು ವಾರದಿಂದ ಲೆಕ್ಕ ಹಾಕಿದ್ದೆ.

ಕಾಡಿಗೆ ಹೊರಟ ದೊರೆ ರಾಣಿಯ ಹತ್ತಿರ ಕ್ಷಮೆ ಕೇಳುವ ಸೀನು ಬಂತು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಿದ್ದ ಹಾಗೇ ನಾನು ಚೀಲದಿಂದ ಮಡಿಚಿದ ಎಲೆ ಅಡಿಕೆ ತೆಗೆದೆ. ಮೂರು ಎಲೆ, ಎರಡರಷ್ಟು ಅಡಿಕೆ.

“ಹಾಕ್ಕಳಿ ಬೀರಯ್ಯಣ್ಣ.”

“ಈಗ್ಲಾ? ಆಡು ಬರೋ ಹೊತ್ತಲ್ಲವ್ವಾ?”

“ಹಾಡು ಕೇಳ್ತಾ ಹಾಕ್ಕಂಡ್ರೆ ಚೆಂದ ಕಣಣ್ಣ.”

ಪಾಪ, ಹಾಕಿಕೊಂಡರು. ಗೋಡೆಯ ಮೇಲೆ ‘ಇಲ್ಲಿ ಉಗುಳಬಾರದು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಅದನ್ನೂ ಮೊದಲೇ ನೋಡಿಕೊಂಡಿದ್ದೆ.

ಇವರು ಹಾಡಿದರು. ಮೊದಲ ಸಾಲಿನಲ್ಲಿ ದನಿ ಸ್ವಲ್ಪ ಅಳುಕಿತು. ನನ್ನ ಕೈ ಸೆರಗನ್ನು ಹಿಂಡಿತು. ಎರಡನೆಯ ಸಾಲಿಗೆ ದಾರಿ ಸಿಕ್ಕಿತು. ಮೇಲಕ್ಕೆ ಹೋಗುವ ಜಾಗದಲ್ಲಿ ಹಳೆಯ ದನಿ, ಗದ್ದೆಯ ಆ ಕಡೆಯಿಂದ ಈ ಕಡೆಗೆ ಕೇಳಿಸುತ್ತಿದ್ದ ಅದೇ ದನಿ, ಒಂದು ಬಿರುಕೂ ಇಲ್ಲದೆ ಎದ್ದು ನಿಂತಿತು. ನನಗೆ ಕಣ್ಣೀರು ಬಂತು. ಆರು ತಿಂಗಳಿಂದ ಎದೆಯ ಮೇಲಿದ್ದ ಭಾರ ಅಲ್ಲೇ ಇಳಿಯಿತು.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಬೀರಯ್ಯಣ್ಣ ಕೈ ಎತ್ತಿ ಬಾಯಿ ತೆರೆಯಲು ಹೋಗಿ, ತುಂಬಿದ ರಸಕ್ಕೆ ಹೆದರಿ ಮತ್ತೆ ಮುಚ್ಚಿಕೊಂಡರು. ಚಪ್ಪಾಳೆ ಕಡಿಮೆಯಾಯಿತು. ಯಾರೂ ಕೂಗಲಿಲ್ಲ. ಗೆದ್ದೆ ಅಂದುಕೊಂಡೆ.

ಆಗ ಇವರ ಮುಖ ನೋಡಿದೆ. ಇವರು ಸ್ಟೇಜ್ ಬಿಟ್ಟು ಹೋಗಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಕೊನೆಯ ಸ್ವರವನ್ನು ಹಿಡಿದೇ ಇದ್ದರು, ಇಬ್ಬರೂ ಕಾಯುತ್ತಿದ್ದರು. ಇವರ ಕಣ್ಣು ಬೀರಯ್ಯಣ್ಣನ ಕಡೆ ಹೋಯಿತು, ಕೆಳಕ್ಕೆ ಇಳಿಯಿತು. ಕಿರೀಟದ ಕೆಳಗೆ ಇದ್ದದ್ದು ಸ್ಲೇಟು ಹಿಡಿದುಕೊಂಡಿದ್ದ ಆ ಮುಖವೇ. ದನಿ ಹೋಗಿದೆ, ಯಾರೂ ಹೇಳುತ್ತಿಲ್ಲ ಅಷ್ಟೆ ಅಂತ ಇವರು ಅಂದುಕೊಂಡಿದ್ದಾರೆ ಎಂದು ನನಗೆ ಗೊತ್ತಾಗಿಹೋಯಿತು.

ಯಾವಾಗ ಎದ್ದು ನಿಂತೆನೋ ತಿಳಿಯದು. “ವನ್ಸ್ ಮೋರ್” ಎಂದು ಕೂಗಿದೆ. ಹೊಲದಲ್ಲಿ ಹಂದಿ ಓಡಿಸುವಾಗಲೂ ಅಷ್ಟು ಜೋರಾಗಿ ಕೂಗಿದವಳಲ್ಲ ನಾನು. ಒಂದು ಕ್ಷಣ ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಹಾಲ್ ಪೂರ್ತಿ ಕೂಗತೊಡಗಿತು. ಬೀರಯ್ಯಣ್ಣ ಬಾಯಿಗೆ ಟವೆಲ್ ಅಡ್ಡ ಹಿಡಿದು ಉಗುಳಲು ಹೊರಗೆ ಓಡಿದರು.

ಕೂಗಿ ಕೂತ ಮೇಲೆ ಡಾಕ್ಟರಮ್ಮನ ಮಾತು ನೆನಪಾಯಿತು. ನನ್ನ ಕೈಯಾರೆ ನಾನೇ ಕೆಡಿಸಿದೆನಲ್ಲ ಎಂದು ಕಣ್ಣು ಮುಚ್ಚಿದೆ.

ಹಾರ್ಮೋನಿಯಂ ನಿಂತಿತು. ಇವರು ಮುಂದೆ ಬಂದು ಕೈಮುಗಿದರು. “ಮಹಾಜನಗಳೇ, ಡಾಕ್ಟ್ರು ಒಂದೇ ಸಲ ಅಂದವ್ರೆ. ಒಪ್ಕಂಡಿವ್ನಿ. ಇನ್ನೊಂದು ಸಲದ್ದು ಮುಂದಿನ್ ವರ್ಸ ಆಡ್ತೀನಿ, ಎಲ್ರೂ ಬನ್ನಿ.” ಜನ ನಕ್ಕು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಇವರು ಎದೆಯುಬ್ಬಿಸಿಕೊಂಡು, ನಿಜವಾದ ದೊರೆಯ ಹಾಗೆ ಕಾಡಿಗೆ ಹೋದರು. ನಾನು ಆಗ ಉಸಿರು ಬಿಟ್ಟೆ.

ನಾಟಕ ಮುಗಿದ ಮೇಲೆ ಸ್ಟೇಜಿನ ಹಿಂದಕ್ಕೆ ಹೋದೆ. ಮುಖದ ಬಣ್ಣ ಅರ್ಧ ಒರೆಸಿಕೊಂಡು, ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾ ಕೂತಿದ್ದರು.

“ಮತ್ತೆ ಹಾಡ್ಬುಡ್ತೀರ ಅಂತ ಜೀವ ಹೋಗಿತ್ತು ಕಣ್ರೀ” ಅಂದೆ.

“ಆಡ್ತಿರ್ನಿಲ್ಲ ಕಣೆ. ಕೇಳಿದ್ರೆ ಸಾಕಾಗಿತ್ತು.” ಇನ್ನೊಂದು ಗುಟುಕು ಕುಡಿದು, ನನ್ನನ್ನು ಓರೆಗಣ್ಣಿನಿಂದ ನೋಡುತ್ತಾ ಕೇಳಿದರು. “ಮೊದ್ಲು ಕೂಗಿದ್ದು ಬೀರಯ್ಯಣ್ಣ ಅಲ್ವಾ?”

“ಹೂಂ, ಇನ್ಯಾರು” ಅಂದೆ. ಅನ್ನುವಾಗಲೇ ನನ್ನ ದನಿ ಕರಕರ ಎಂದು ಒಡೆಯಿತು.

ಇವರು ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ ನನ್ನ ಕೈಗೆ ಕೊಟ್ಟರು.